ಬಯಲಾಟದ ಆಮಂತ್ರಣಕ್ಕೆ ನೆಟ್‌ನಲ್ಲಿ ಸಿಕ್ಕ ಫೋಟೋ: ಹಕ್ಕು ಯಾರದ್ದು?

ಉಡುಪಿಯ ಯಕ್ಷಗಾನ ಬಯಲಾಟದ ಆಮಂತ್ರಣಕ್ಕೆ ಹಾಕಬೇಕೆಂದಿರುವ ಬಣ್ಣದ ವೇಷದ ಫೋಟೋ ಹತ್ತಾರು ಪೇಜ್‌ಗಳಲ್ಲಿದೆ, ಆದರೆ ತೆಗೆದವರ ಹೆಸರೇ ಇಲ್ಲ ಎಂದಿದ್ದೀರಿ. ಹೆಚ್ಚಾಗಿ ಯಾರೋ ಕೆಳಗಿನ ವಾಟರ್‌ಮಾರ್ಕ್ (ಫೋಟೋ ಮೇಲೆಯೇ ಹಾಕಿರುವ ಹೆಸರು) ಕತ್ತರಿಸಿ ವಾಟ್ಸಾಪ್‌ಗೆ ಬಿಟ್ಟಿರುತ್ತಾರೆ. ಅಲ್ಲಿ ಫೋಟೋವಾಗಿ ಕಳಿಸಿದ ಫೈಲ್‌ನಿಂದ ಕ್ಯಾಮೆರಾ, ಹೆಸರಿನ ವಿವರಗಳೂ ಅಳಿಸಿಹೋಗುತ್ತವೆ. ನಿಮ್ಮ ಫೋನಿನಲ್ಲಿರುವ ಪ್ರತಿಯನ್ನು ಕೆದಕಿ ಪ್ರಯೋಜನವಿಲ್ಲ.

ಬದಲಿಗೆ, ಫೋಟೋ ಕೊಟ್ಟರೆ ಅದು ನೆಟ್‌ನಲ್ಲಿ ಎಲ್ಲೆಲ್ಲಿದೆ ಎಂದು ಹುಡುಕಿಕೊಡುವ ತಾಣಗಳಲ್ಲಿ ನೋಡಿ: ಮೊದಲು ಗೂಗಲ್ ಲೆನ್ಸ್, ಆಮೇಲೆ ಟಿನ್‌ಐ (TinEye). ಟಿನ್‌ಐಯಲ್ಲಿ ಫಲಿತಾಂಶವನ್ನು 'ಬಿಗ್ಗೆಸ್ಟ್ ಇಮೇಜ್' ಪ್ರಕಾರ ಜೋಡಿಸಿ. ಕಿರೀಟದ ತುದಿಯಿಂದ ಕಾಲಿನ ಗೆಜ್ಜೆವರೆಗೆ ಪೂರ್ತಿ ಕಾಣುವ ಪ್ರತಿ ಸಿಕ್ಕರೆ ಮೂಲೆಯಲ್ಲಿ ಹೆಸರು ಉಳಿದಿರುವ ಸಂಭವ ಹೆಚ್ಚು. 'ಓಲ್ಡೆಸ್ಟ್' ಕೂಡ ನೋಡಿ, ಆದರೆ ಅದು ಟಿನ್‌ಐ ಕಣ್ಣಿಗೆ ಮೊದಲು ಬಿದ್ದದ್ದು ಮಾತ್ರ, ಅದೇ ಮೂಲ ಎನ್ನಲಾಗದು.

ಹೆಸರು ಸಿಕ್ಕಿದ ಮೇಲೂ ಫೋಟೋ ತೆಗೆದವರನ್ನು ಒಂದು ಪ್ರಶ್ನೆ ಕೇಳಲೇಬೇಕು: ನೀವಾಗಿ ತೆಗೆದದ್ದೋ, ಯಾರಾದರೂ ದುಡ್ಡು ಕೊಟ್ಟು ತೆಗೆಸಿದ್ದೋ? 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ಹಕ್ಕು ತೆಗೆದವರದ್ದು. ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ತೆಗೆಸಿದವರದ್ದು. ವೇಷಧಾರಿ "ಹಾಕಿ ಮಾರಾಯ್ರೆ" ಅಂದರೆ ಸಾಲದು. ವಾಟರ್‌ಮಾರ್ಕ್ ಇಲ್ಲ ಅಂದ ಮಾತ್ರಕ್ಕೆ ಹಕ್ಕು ಇಲ್ಲ ಅಂತಲೂ ಅಲ್ಲ.

ಹಕ್ಕು ಇರುವವರ ಒಪ್ಪಿಗೆ ಬರಹದಲ್ಲೇ ಇರಲಿ: ಯಾವ ಫೋಟೋ, ಆಮಂತ್ರಣಕ್ಕೆ ಮಾತ್ರವೋ ಫ್ಲೆಕ್ಸ್‌ಗೂವೋ, ಹೆಸರು ಹೇಗೆ ಹಾಕಬೇಕು. ಮಾಲೀಕರು ಸಿಗದಿದ್ದರೆ ಆ ಫೋಟೋ ಬಿಡಿ. ಮುಕ್ತವಾಗಿ ಬಳಸಬಹುದಾದ ಚಿತ್ರಗಳ ತಾಣ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಯಕ್ಷಗಾನ ಅಂತ ಹುಡುಕಿ, ಆರಿಸಿದ ಚಿತ್ರದ ಕೆಳಗಿರುವ ಲೈಸೆನ್ಸ್ (ಬಳಕೆಯ ಷರತ್ತು) ಓದಿ, ಅದು ಕೇಳುವಂತೆ ಛಾಯಾಗ್ರಾಹಕರ ಹೆಸರು ಮತ್ತು ಲೈಸೆನ್ಸ್ ಎರಡನ್ನೂ ಮುದ್ರಿಸಿ.