ಸಹಿ ಮಾಡಲೊಲ್ಲದ ಎಂಜಿನಿಯರ್

ಅವರು ನನ್ನ ಬಳಿ ಆಪ್ತಸಲಹೆಗೆ ಬಂದದ್ದು ನಿದ್ದೆಯ ತೊಂದರೆ ಹೇಳಿಕೊಂಡು. ಬೆಂಗಳೂರಿನ ಚಿಕ್ಕ ಸ್ಟ್ರಕ್ಚರಲ್ ಕನ್ಸಲ್ಟೆನ್ಸಿಯೊಂದರಲ್ಲಿ ಡಿಸೈನ್ ಎಂಜಿನಿಯರ್. ಮೂವತ್ತರೊಳಗಿನ ವಯಸ್ಸು, ಹೊಸದಾಗಿ ಮದುವೆ, ತಲೆ ಮೇಲೆ ಸಾಲ. ಊರು ಧಾರವಾಡದ ಕಡೆ. ಇಲ್ಲಿ ಮಹೇಶ ಎನ್ನುತ್ತೇನೆ. ಗುರುತು ಹತ್ತಬಾರದೆಂದು ಇನ್ನೂ ಕೆಲವು ವಿವರ ಬದಲಿಸಿದ್ದೇನೆ.

"ಮೇಡಂ, ರಾತ್ರಿ ಮೂರಕ್ಕ ಎಚ್ಚರ ಆಗ್ತದ. ಆಮ್ಯಾಲೆ ನಿದ್ದಿ ಹತ್ತೂದಿಲ್ಲ. ಗುಳಗಿ ಏನರ ಬೇಕಾಗ್ತದೇನು?"

ಎಚ್ಚರವಾದಾಗ ಏನು ನೆನಪಾಗುತ್ತದೆ ಎಂದು ಕೇಳಿದೆ. "ಕಾಲಮ್" ಎಂದರು. ಕಟ್ಟಡದ ಭಾರ ಹೊರುವ ಕಂಬ.

ಸ್ಟಿಲ್ಟ್ (ಕಂಬಗಳಷ್ಟೇ ಇರುವ, ವಾಹನ ನಿಲ್ಲಿಸುವ ತೆರೆದ ನೆಲಮಟ್ಟ) ಮತ್ತು ಮೂರು ಅಂತಸ್ತಿಗೆ ಲೆಕ್ಕ ಹಾಕಿದ್ದ ವಸತಿ ಕಟ್ಟಡ. ಕೆಲಸ ಅರ್ಧ ಆಗಿರುವಾಗ ಮಾಲೀಕರಿಗೆ ಇನ್ನೆರಡು ಅಂತಸ್ತಿನ ಆಸೆ ಬಂತು. ಹೊಸ ಭಾರ ಹಾಕಿ ನೋಡಿದರೆ ಕಂಪ್ಯೂಟರಿನಲ್ಲಿ ಕೆಳಗಿನ ಕಾಲಮ್‌ಗಳು ಸಾಲಾಗಿ ಕೆಂಪಾದವು, ಅಂದರೆ ಆ ಭಾರ ತಾಳಲಾರವು. ಕಚೇರಿಯ ಹಿರಿಯರು ಹೇಳಿದ್ದು: "ಎಂ30 ಅಂತ ಕೊಡಯ್ಯ, ಪಾಸಾಗತ್ತೆ. ಫ್ಯಾಕ್ಟರ್ ಆಫ್ ಸೇಫ್ಟಿ ಇದ್ದೇ ಇದೆ. ಅರ್ಧ ಬೆಂಗಳೂರು ಹೀಗೇ ನಿಂತಿರೋದು." ಎಂ30 ಎಂದರೆ ಹೆಚ್ಚು ಬಲದ ಕಾಂಕ್ರೀಟು. ಸೈಟಿನಲ್ಲಿ ಆಗಲೇ ಹಾಕಿದ್ದದ್ದು ಅದಕ್ಕಿಂತ ಕಡಿಮೆ ಬಲದ ಎಂ20. ಲೈಸೆನ್ಸಿನ ಸಹಿ ಹಿರಿಯರದ್ದೇ. ಆದರೆ ಡ್ರಾಯಿಂಗಿನ ಮೂಲೆಯಲ್ಲಿ, ಡಿಸೈನ್ ಮಾಡಿದವರು ಎಂಬಲ್ಲಿ, ಮಹೇಶರ ಸಹಿ ಬೇಕಿತ್ತು.

ಆ ಹಿರಿಯರೇ ಅವರಿಗೆ ಕೆಲಸ ಕಲಿಸಿದವರು. ತಂದೆಯ ಆಪರೇಷನ್ನಿಗೆ ಕೇಳದೆಯೇ ಹಣ ಕೊಟ್ಟವರು. ಕಾಲಮ್‌ಗಿಂತ ಈ ವಿಷಯ ಹೇಳುವಾಗಲೇ ಅವರ ದನಿ ಹೆಚ್ಚು ತಡವರಿಸಿತು.

ಇಲ್ಲಿ ಗುಟ್ಟು ಕಾಯುವ ಪ್ರಶ್ನೆ ನನಗೂ ಇತ್ತು. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ನನ್ನ ಮೌನಕ್ಕೂ ಮಿತಿಯಿದೆ ಎಂದು ಆವತ್ತೇ ತಿಳಿಸಿದೆ. ಅವರಿಗೆ ಅದರಿಂದ ಬೇಸರವಾಗಲಿಲ್ಲ, ಹಗುರವಾದಂತೆ ಕಂಡರು.

ಆತಂಕ ಕಡಿಮೆ ಮಾಡುವ ಉಸಿರಾಟ, ದಿನಚರಿ ಎಲ್ಲ ಹೇಳಿಕೊಡಬಹುದಿತ್ತು. ಆದರೆ ಈ ಆತಂಕ ರೋಗವಲ್ಲ, ಕಾರಣವಿದ್ದೇ ಬಂದದ್ದು ಎಂಬುದು ನನ್ನ ತೀರ್ಮಾನ. ಹಾಗಾಗಿ ಫ್ಯಾಕ್ಟರ್ ಆಫ್ ಸೇಫ್ಟಿ ಎಂದರೇನು, ನನಗೆ ಅರ್ಥವಾಗುವ ಹಾಗೆ ಹೇಳಿ ಎಂದೆ. ಕಾಂಕ್ರೀಟು ಕಟ್ಟಡಗಳ ಭಾರತೀಯ ಮಾನದಂಡವಾದ ಐಎಸ್ 456 ಪ್ರಕಾರ ಭಾರವನ್ನು ಸಾಮಾನ್ಯವಾಗಿ 1.5 ಪಟ್ಟು ಮಾಡಿ, ಕಾಂಕ್ರೀಟಿನ ಬಲವನ್ನು 1.5ರಿಂದ, ಕಬ್ಬಿಣದ ಬಲವನ್ನು 1.15ರಿಂದ ಭಾಗಿಸುತ್ತಾರಂತೆ. "ಆ ಅಂತರ ಇರೂದು ನಮಗ ಗೊತ್ತಾಗದ ತಪ್ಪಿಗೆ ಮೇಡಂ. ನೀರು ಹೆಚ್ಚು ಹಾಕಿರ್ತಾರ, ವೈಬ್ರೇಟರ್ ಸರಿ ಹಿಡಿದಿರೂದಿಲ್ಲ. ಗೊತ್ತಿದ್ದೂ ಎರಡು ಅಂತಸ್ತು ಏರಿಸಾಕ ಅಲ್ಲ." ಹೇಳಿ ಮುಗಿಸಿ ಸುಮ್ಮನಾದರು. ಹಿರಿಯರ ವಾದಕ್ಕೆ ಉತ್ತರ ಅವರ ಬಾಯಿಂದಲೇ ಬಂದಿತ್ತು.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತಾಗ ಇವರಿನ್ನೂ ವಿದ್ಯಾರ್ಥಿ. ಕಾಲೇಜಿನಲ್ಲಿ ನ್ಯೂಯಾರ್ಕಿನ 59 ಅಂತಸ್ತಿನ ಸಿಟಿಕಾರ್ಪ್ ಕಟ್ಟಡದ ಪಾಠವೂ ಆಗಿತ್ತು: ಓರೆಯಾಗಿ ಬೀಸುವ ಬಿರುಗಾಳಿಗೆ ಉಕ್ಕಿನ ಕೀಲುಗಳ ಬಲ ಸಾಕಾಗುವುದಿಲ್ಲವೆಂದು 1978ರಲ್ಲಿ ಗೊತ್ತಾದಾಗ ಎಂಜಿನಿಯರ್ ವಿಲಿಯಂ ಲೆಮೆಸೂರಿಯರ್ ಮಾಲೀಕರಿಗೆ ತಿಳಿಸಿದರು, ರಾತ್ರಿ ಹೊತ್ತು ವೆಲ್ಡಿಂಗ್ ನಡೆಯಿತು. (ಜನರಿಗೆ ವಿಷಯ ತಿಳಿದದ್ದು 1995ರಲ್ಲಿ. ಆ ಅರ್ಧ ನನಗೆ ಒಪ್ಪಿಗೆಯಿಲ್ಲ.) "ಅವ್ರು ದೊಡ್ಡವ್ರು. ನಾ ಯಾರು?" ಎಂದರು ಮಹೇಶ. ಕೇಳುವಂಥದ್ದೇ. ವೈದ್ಯರಿಗೆ, ವಕೀಲರಿಗೆ ಇರುವಂಥ ಕಾನೂನಿನ ಪರಿಷತ್ತು ನಮ್ಮಲ್ಲಿ ರಾಷ್ಟ್ರಮಟ್ಟದಲ್ಲಿ ಸಿವಿಲ್ ಎಂಜಿನಿಯರಿಗೆ ಇಲ್ಲ. ಹೋಗಿ ಹೇಳಿಕೊಳ್ಳಲು ಮನೆಯೇ ಇಲ್ಲದ ಕಸುಬು.

ನಾನು ಕೊಟ್ಟ ಸಲಹೆ ಇಷ್ಟು. ಸಹಿ ಮಾಡಬೇಡಿ. ನಿಮ್ಮ ಲೆಕ್ಕವನ್ನು ಹೆಸರು ಊರು ಹೇಳದೆ ನಂಬಿಕೆಯ ಪ್ರಾಧ್ಯಾಪಕರಿಗೆ ತೋರಿಸಿ. ತಪ್ಪಿದ್ದರೆ ಅಲ್ಲೇ ಮುಗಿಯುತ್ತದೆ. ಸರಿಯಿದ್ದರೆ ಹಿರಿಯರಿಗೆ ಇಮೇಲ್ ಬರೆಯಿರಿ: ಆರೋಪ ಬೇಡ, ಅಂಕಿ ಇರಲಿ, ಜೊತೆಗೆ ದಾರಿಯೂ ಇರಲಿ, ಅಂದರೆ ಅಂತಸ್ತು ಬಿಡುವುದು ಅಥವಾ ಪಾಯ ಪರೀಕ್ಷಿಸಿ ಕಾಲಮ್‌ಗಳಿಗೆ ಜಾಕೆಟಿಂಗ್ (ಸುತ್ತಲೂ ಹೊಸ ಕಬ್ಬಿಣ, ಕಾಂಕ್ರೀಟಿನ ಕವಚ) ಮಾಡುವುದು. ಉತ್ತರಕ್ಕೆ ಗಡುವು ಕ್ಯಾಲೆಂಡರಿನದ್ದಲ್ಲ, ಸೈಟಿನದ್ದು: ಹೆಚ್ಚುವರಿ ಸ್ಲ್ಯಾಬಿನ ಸೆಂಟ್ರಿಂಗ್ (ಕಾಂಕ್ರೀಟು ಸುರಿಯಲು ಕಟ್ಟುವ ಹಲಗೆ, ಆಸರೆ) ಏಳುವ ಮೊದಲು. ಆಗದಿದ್ದರೆ ಮಾಲೀಕರಿಗೆ, ಅಲ್ಲಿಯೂ ಆಗದಿದ್ದರೆ ಪಾಲಿಕೆಯ ನಗರ ಯೋಜನಾ ವಿಭಾಗಕ್ಕೆ ಲಿಖಿತವಾಗಿ. ಕಚೇರಿಯ ಕಡತ ಹೊರಗೆ ಒಯ್ಯುವ ಮೊದಲು ವಕೀಲರನ್ನು ಕೇಳಿ. ಎಲ್ಲಕ್ಕಿಂತ ಮೊದಲು ಇವತ್ತೇ ಹೆಂಡತಿಗೆ ಹೇಳಿ. ಕೆಲಸ ಹೋದರೆ ಕಂತು ಕಟ್ಟುವ ಲೆಕ್ಕವನ್ನು ಇಬ್ಬರೂ ಕೂತು ಹಾಕಿ.

ಉಪಕಾರದ ಮಾತಿಗೆ ಹೆಚ್ಚು ಹೊತ್ತು ಬೇಕಾಯಿತು. ಹಿರಿಯರಿಗೆ ಬಾಕಿಯಿರುವುದು ಹಣ ಮತ್ತು ಗೌರವ. ಆ ಮನೆಗಳಲ್ಲಿ ಮಲಗುವವರ ಜೀವ ಕೊಟ್ಟು ಅದನ್ನು ತೀರಿಸಲು ಇವರಿಗೆ ಹಕ್ಕಿಲ್ಲ ಎಂದೆ. ಕಟುವಾಗಿ ಕೇಳಿಸಿರಬಹುದು.

ಪ್ರಾಧ್ಯಾಪಕರು ಲೆಕ್ಕ ಸರಿಯೆಂದರು. ಇಮೇಲ್ ಹೋಯಿತು. ಹಿರಿಯರು ಉತ್ತರಿಸದೆ ಕೆಲಸವನ್ನು ಬೇರೊಬ್ಬ ಹುಡುಗನಿಗೆ ಕೊಟ್ಟರು. ಆಮೇಲೆ ಮಹೇಶ ಮಾಲೀಕರಿಗೇ ಬರೆದರು. ಆತ ಮೊದಲು ಕೂಗಾಡಿದರೂ ಆಮೇಲೆ ಹೆದರಿ ಬೇರೆ ಎಂಜಿನಿಯರಿಂದ ಪರೀಕ್ಷೆ ಮಾಡಿಸಿದರು. ಒಂದು ಅಂತಸ್ತು ಕೈಬಿಟ್ಟರು, ಕೆಳಗಿನ ಕಾಲಮ್‌ಗಳಿಗೆ ಜಾಕೆಟಿಂಗ್ ಆಯಿತು. ಪಾಲಿಕೆಯವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ಮಹೇಶರ ಕೆಲಸ ಹೋಯಿತು. ಈಗ ಕಡಿಮೆ ಸಂಬಳಕ್ಕೆ ಇನ್ನೊಂದು ಕಡೆ ಇದ್ದಾರೆ. ನಿದ್ದೆ ಬರುತ್ತಿದೆ, ಮಾತ್ರೆ ಬೇಕಾಗಲಿಲ್ಲ. ಹಿರಿಯರು ಫೋನ್ ಎತ್ತುವುದಿಲ್ಲ. ಆಪರೇಷನ್ನಿನ ಹಣ ವಾಪಸು ಕಳಿಸಿದರೆ ಅವರಿಗೆ ಅವಮಾನವಾದೀತೇ ಎಂಬುದು ಈಗಿನ ಮಾತುಕತೆ.