ಜಿಎನ್‌ಎಂ ಆಯ್ತು, ಮಿಡ್‌ವೈಫ್ ಆಗಲು ಇನ್ನೇನು ಓದಬೇಕು?

ಪ್ರಶ್ನೆ: ನನಗೆ 24 ವರ್ಷ, ಚಿತ್ರದುರ್ಗ ಜಿಲ್ಲೆಯವಳು. ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ, ಅಂದರೆ ನರ್ಸಿಂಗ್ ಮತ್ತು ಹೆರಿಗೆ ಶುಶ್ರೂಷೆಯ ಡಿಪ್ಲೊಮಾ) ಮುಗಿಸಿ ಎರಡು ವರ್ಷದಿಂದ ನರ್ಸಿಂಗ್ ಹೋಮ್ ಒಂದರಲ್ಲಿದ್ದೇನೆ. ಡ್ಯೂಟಿ ಜಾಸ್ತಿ ಜನರಲ್ ವಾರ್ಡ್‌ನಲ್ಲೇ. ನನಗೆ ಹೆರಿಗೆ ಮಾಡಿಸುವ ಕೆಲಸವೇ ಇಷ್ಟ. ನಮ್ಮಜ್ಜಿ ಊರಿಗೆಲ್ಲ ಸೂಲಗಿತ್ತಿ. "ಅಜ್ಜಿ ಓದದೇ ಮಾಡಿದ ಕೆಲಸಕ್ಕೆ ನೀನು ಇನ್ನೆಷ್ಟು ಓದ್ತೀಯ?" ಅಂತಾರೆ ಅಮ್ಮ. ಬೇರೆ ಕೋರ್ಸ್ ಇದೆಯಾ ಮೇಡಂ?

ಉತ್ತರ: ಮೊದಲು ನಿಮ್ಮ ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರ ತೆಗೆದು ನೋಡಿ. ನರ್ಸ್ ಅನ್ನುವುದರ ಜೊತೆಗೇ ಮಿಡ್‌ವೈಫ್ ಅಂತಲೂ ಇರುತ್ತದೆ. ಜಿಎನ್‌ಎಂನ ಕೊನೆಯ ಅಕ್ಷರ ಅದೇ ಅಲ್ವಾ? ಕಾಗದದ ಮೇಲೆ ನೀವು ಆಗಲೇ ಮಿಡ್‌ವೈಫ್. ಪಳಗಬೇಕಾಗಿರುವುದು ಕೈ.

ಅಮ್ಮನ ಮಾತನ್ನು ತಳ್ಳಿಹಾಕಬೇಡಿ. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಕೂಡ ಅಜ್ಜಿಯಿಂದಲೇ ಕಲಿತವರು. ಕಾಯುವುದು ಆ ಅಜ್ಜಿಯರಿಗೆ ಗೊತ್ತಿತ್ತು. ಇವತ್ತಿನ ಎಷ್ಟೋ ಲೇಬರ್ ವಾರ್ಡ್‌ಗಳಲ್ಲಿ ಇಲ್ಲದಿರುವುದೂ ಅದೇ. ಆದರೆ ಹೆತ್ತ ಮೇಲೆ ರಕ್ತ ನಿಲ್ಲದೇ ಹೋದರೆ ಅವರ ಕೈಯಲ್ಲಿ ಮದ್ದಿರಲಿಲ್ಲ. ಮಗು ಹೊರಬಂದ ಒಂದು ನಿಮಿಷದೊಳಗೆ ತಾಯಿಗೆ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಎಷ್ಟು ಜೀವ ಉಳಿಸುತ್ತದೆ ಅನ್ನುವುದನ್ನು ಅಮ್ಮನಿಗೆ ಹೇಳಿ.

ಈಗ ಕೋರ್ಸಿನ ವಿಷಯ. ಕೇಂದ್ರ ಸರ್ಕಾರ 2018ರಲ್ಲಿ ಮಿಡ್‌ವೈಫರಿ ಸೇವೆಗೆ ಮಾರ್ಗಸೂಚಿ ತಂದಿತು. ಅದರಂತೆ 'ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ' ಅನ್ನುವ 18 ತಿಂಗಳ ತರಬೇತಿ ಇದೆ. ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಆದವರಿಗೆ ಇದು. ಹೆರಿಗೆ ಕೋಣೆಯ ಅನುಭವ ಕೇಳುತ್ತಾರೆ, ಸರ್ಕಾರಿ ಕೆಲಸದಲ್ಲಿರುವವರಿಗೇ ಹೆಚ್ಚು ಅವಕಾಶ. ಹಾಗಾಗಿ ಶುಶ್ರೂಷಾಧಿಕಾರಿ ಹುದ್ದೆಗೆ ಕರೆದಾಗ ಬಿಡದೆ ಅರ್ಜಿ ಹಾಕಿ.

ಅಲ್ಲಿಯವರೆಗೆ ಜನರಲ್ ವಾರ್ಡ್‌ನಲ್ಲಿ ಸುಮ್ನೆ ವರ್ಷ ಕಳೆಯಬೇಡಿ. ಲೇಬರ್ ವಾರ್ಡ್ ಕೇಳಿ, ಕೊಡದಿದ್ದರೆ ಹೆರಿಗೆ ಜಾಸ್ತಿ ಆಗುವ ಆಸ್ಪತ್ರೆಗೆ ಹೋಗಿ. ನೈಟ್ ಡ್ಯೂಟಿ ಸಿಕ್ಕರೆ ಇನ್ನೂ ಒಳ್ಳೆಯದು. ಹೆರಿಗೆ ನೋವಿನಲ್ಲಿರುವ ತಾಯಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತುಕೊಳ್ಳಿ. ಹತ್ತು ನಿಮಿಷದಲ್ಲಿ ಎಷ್ಟು ಸಲ ಗಟ್ಟಿಯಾಯ್ತು, ಪ್ರತಿ ಸಲ ಎಷ್ಟು ಸೆಕೆಂಡ್ ಅಂತ ಗಡಿಯಾರ ನೋಡಿ ಎಣಿಸಿ. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳಿ. ನಿಮಿಷಕ್ಕೆ 110ರಿಂದ 160ರ ಒಳಗಿರಬೇಕು. ಹೆರಿಗೆ ಹೇಗೆ ಮುಂದುವರಿಯುತ್ತಿದೆ ಅಂತ ಗೆರೆ ಎಳೆದು ಗುರುತಿಸುವ ಚಾರ್ಟ್ ಆದ ಪಾರ್ಟೋಗ್ರಾಫನ್ನು ಆಗಿಂದಾಗಲೇ ತುಂಬಿ. ಹೆರಿಗೆ ಮುಗಿದ ಮೇಲೆ ಕೂತು ಅಂದಾಜಿನಲ್ಲಿ ಗೆರೆ ಎಳೆಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆ ಗೆರೆ ಯಾರಿಗೂ ಉಪಯೋಗವಿಲ್ಲ.

ಒಂದು ಬೇಸರದ ಸಂಗತಿಯೂ ಇದೆ. ಎಷ್ಟೋ ಖಾಸಗಿ ಆಸ್ಪತ್ರೆಗಳಲ್ಲಿ ರಾತ್ರಿಯೆಲ್ಲ ಕಾಯುವವರು ನೀವು, ತಲೆ ಕಂಡಾಗ ಗ್ಲೌಸ್ ಹಾಕುವವರು ಡಾಕ್ಟರು. ಸ್ವತಂತ್ರವಾಗಿ ಹೆರಿಗೆ ನೋಡಿಕೊಳ್ಳುವ ಆಸೆಯಿದ್ದರೆ ಆ 18 ತಿಂಗಳ ತರಬೇತಿಯೇ ದಾರಿ. ಇಂಗ್ಲೆಂಡಿಗೆ ಹೋಗುವ ಯೋಚನೆ ಇದ್ದರೆ ನೆನಪಿಡಿ, ಅಲ್ಲಿ ನರ್ಸ್ ನೋಂದಣಿ ಬೇರೆ, ಮಿಡ್‌ವೈಫ್ ನೋಂದಣಿ ಬೇರೆ.

ಅಜ್ಜಿ ಇನ್ನೂ ಇದ್ದರೆ ಒಂದು ಸಂಜೆ ಪಕ್ಕದಲ್ಲಿ ಕೂತು ಕೇಳಿ: ಏನು ಕಂಡಾಗ "ಇದು ನನ್ನ ಕೈಲಾಗಲ್ಲ, ಗಾಡಿ ಕಟ್ಟಿ" ಅಂತಿದ್ರಿ?