ಹೊಳೆ ಆ ಕಡೆ, ದಾರಿ ಈ ಕಡೆ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ಮೇ ರಜೆಯಲ್ಲಿ ಮನೆಯವರೆಲ್ಲ ಲಡಾಖ್‌ಗೆ ಹೊರಟಿದ್ದೇವೆ. ಅಲ್ಲಿ ತುರ್ತುಕ್ ಅಂತ ಬಾಲ್ಟಿ ಜನರ ಹಳ್ಳಿ ಇದೆಯಂತೆ. ರಾತ್ರಿ ಪಾಕಿಸ್ತಾನದಲ್ಲಿ ಮಲಗಿದ ಊರು ಬೆಳಿಗ್ಗೆ ಭಾರತದಲ್ಲಿ ಎದ್ದಿತು ಅಂತ ಯಾವ ವಿಡಿಯೋ ನೋಡಿದರೂ ಹೇಳ್ತಾರೆ. ಇದು ನಿಜವಾ? ಅಲ್ಲಿಯವರಿಗೆ ಈಗ ಯಾವ ದೇಶ ಇಷ್ಟ? ಹೋದಾಗ ಕೇಳಬಹುದಾ? ತಿನ್ನೋಕೆ ಏಪ್ರಿಕಾಟ್ ಸಿಗುತ್ತಾ?”

ಮಲಗಿ ಎದ್ದ ಕತೆಯಿಂದಲೇ ಶುರು ಮಾಡೋಣ. ಕೇಳೋಕೆ ಚೆನ್ನಾಗಿದೆ. ಆದರೆ ಆ ಡಿಸೆಂಬರ್‌ನಲ್ಲಿ ಅಲ್ಲಿ ಯಾರೂ ಅಷ್ಟು ನೆಮ್ಮದಿಯಾಗಿ ಮಲಗಿದ್ದಿರಲಾರರು. ಪಶ್ಚಿಮದ ಗಡಿಯಲ್ಲಿ ಯುದ್ಧ ಶುರುವಾದದ್ದು 1971ರ ಡಿಸೆಂಬರ್ 3ರಂದು. ಲಡಾಖ್ ಸ್ಕೌಟ್ಸ್ ಮತ್ತು ನುಬ್ರಾ ಗಾರ್ಡ್ಸ್ ಪಡೆಗಳು ಮೇಜರ್ ಛೆವಾಂಗ್ ರಿಂಚೆನ್ ಜೊತೆ ಶ್ಯೋಕ್ ನದಿಯ ಗುಂಟ ಕೆಳಗಿಳಿದವು. ರಿಂಚೆನ್ ಅದೇ ನುಬ್ರಾ ಕಣಿವೆಯವರು. 1948ರಲ್ಲಿ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ, ಮಹಾವೀರ ಚಕ್ರ ಪಡೆದಿದ್ದರು. ಈ ಸಲದ್ದು ಅವರಿಗೆ ಎರಡನೆಯದು. ಮೊದಲು ಚಲುಂಕಾ ಕೈಗೆ ಬಂತು, ಆಮೇಲೆ ತುರ್ತುಕ್, ಆಮೇಲೆ ತ್ಯಾಕ್ಷಿ, ಥಾಂಗ್. ಇದಕ್ಕೆ ದಿನಗಳೇ ಹಿಡಿದವು. 17ಕ್ಕೆ ಕದನವಿರಾಮ.

ಅಲ್ಲಿಗೂ ಮುಗಿಯಲಿಲ್ಲ. ಸೋತವರು ಗೆದ್ದವರು ಕೂತು ಮಾತಾಡಿ, 1972ರ ಜುಲೈಯಲ್ಲಿ ಶಿಮ್ಲಾ ಒಪ್ಪಂದವಾಯಿತು. ಪಂಜಾಬ್, ಸಿಂಧ್ ಕಡೆ ಗೆದ್ದ ನೆಲವನ್ನು ವಾಪಸ್ ಕೊಟ್ಟರು. ಜಮ್ಮು ಕಾಶ್ಮೀರದಲ್ಲಿ ಮಾತ್ರ ಕದನವಿರಾಮದ ಹೊತ್ತಿಗೆ ಯಾರ ಕೈಯಲ್ಲಿ ಏನಿತ್ತೋ ಅದೇ ನಿಯಂತ್ರಣ ರೇಖೆಯಾಯಿತು. ಆ ರೇಖೆಯ ನಕ್ಷೆಗಳಿಗೆ ಸಹಿ ಬಿದ್ದಾಗ 1972ರ ಡಿಸೆಂಬರ್. ಅಂದರೆ ತಾವು ಯಾವ ದೇಶದವರು ಅನ್ನುವುದು ಆ ಊರಿಗೆ ಖಚಿತವಾಗಲು ಒಂದು ವರ್ಷವೇ ಬೇಕಾಯಿತು. ಅದನ್ನು ಒಂದು ರಾತ್ರಿ ಅಂತ ಹೇಳಿದರೆ ವಿಡಿಯೋಗೆ ಅನುಕೂಲ, ಅಷ್ಟೆ.

ಹಾಗೆ ನೋಡಿದರೆ ಇದು ಆ ಊರಿಗೆ ಮೊದಲ ಬದಲಾವಣೆಯೂ ಅಲ್ಲ. 1840ರಲ್ಲಿ ದಂಡನಾಯಕ ಜೋರಾವರ್ ಸಿಂಗ್, ತುರ್ತುಕ್ ಕೂಡ ಸೇರಿದ್ದ ಬಾಲ್ಟಿಸ್ತಾನ ಗೆದ್ದು ಜಮ್ಮುವಿನ ಡೋಗ್ರಾ ಅರಸರಿಗೆ ಸೇರಿಸಿದ. 1948ರ ಆಗಸ್ಟ್‌ನಲ್ಲಿ ಬಾಲ್ಟಿಸ್ತಾನದ ಮುಖ್ಯ ಊರಾದ ಸ್ಕರ್ದುವಿನ ಕೋಟೆ ಪಾಕಿಸ್ತಾನದ ಕಡೆಯವರ ವಶವಾಯಿತು. 1930ರಲ್ಲಿ ತುರ್ತುಕ್‌ನಲ್ಲಿ ಹುಟ್ಟಿದ ಒಬ್ಬ ರೈತ ಮಹಾರಾಜರ ಪ್ರಜೆಯಾಗಿ, ಪಾಕಿಸ್ತಾನದ ಆಡಳಿತ ನೋಡಿ, ಕೊನೆಗೆ ಭಾರತದ ಮತದಾರನಾದ. ಅಷ್ಟೆಲ್ಲ ಆಗುವಾಗ ಅವನು ತನ್ನ ಹೊಲದಿಂದ ಒಂದು ಮಾರು ದೂರವೂ ಹೋಗಿರಬೇಕಾಗಿಲ್ಲ.

ಇನ್ನು ಈ ಊರು ಕಳೆದುಕೊಂಡದ್ದೇನು ಅಂತ ತಿಳಿಯಬೇಕಾದರೆ ಶ್ಯೋಕ್ ನದಿ ಯಾವ ಕಡೆ ಹರಿಯುತ್ತದೆ ಅಂತ ನೋಡಿ. ಹೊಳೆ ತುರ್ತುಕ್ ದಾಟಿ, ರೇಖೆ ದಾಟಿ, ಪಾಕಿಸ್ತಾನದ ಕಡೆ ಇರುವ ಖಪ್ಲು ಊರಿನ ಪಕ್ಕದಲ್ಲಿ ಹಾದು, ಸ್ಕರ್ದು ಸಿಗುವ ಮೊದಲೇ ಸಿಂಧೂ ಸೇರುತ್ತದೆ. ಊರಿನ ಬದುಕೂ ಶತಮಾನಗಳ ಕಾಲ ಅತ್ತಲೇ ಇಳಿಯುತ್ತಿತ್ತು. ಸಂತೆ ಅತ್ತ, ನೆಂಟಸ್ತಿಕೆ ಅತ್ತ. ಖಪ್ಲು ಆಳಿದ ಯಬ್ಗೋ ಅರಸರ ಬೇಸಿಗೆ ಮನೆ ತುರ್ತುಕ್‌ನಲ್ಲಿದೆ. ಮಾತಾಡುವ ಬಾಲ್ಟಿ ಭಾಷೆ ಟಿಬೆಟಿಯನ್ ನುಡಿಗಳ ಬಳಗದ್ದು, ಧರ್ಮ ಇಸ್ಲಾಂ. ಅದರಲ್ಲೂ ಬಹಳ ಜನ ನೂರ್‌ಬಕ್ಷಿ ಸೂಫಿ ಪಂಥದವರು. ಖಪ್ಲುವಿನಲ್ಲೂ ಹಾಗೆಯೇ. 1971ರ ನಂತರ ಊರು ಹೊಳೆಗೆ ಎದುರಾಗಿ ತಿರುಗಬೇಕಾಯಿತು. ಆಸ್ಪತ್ರೆಗೋ ಕಚೇರಿಗೋ ಲೇಹ್‌ಗೆ ಹೋಗಬೇಕಾದರೆ ಸುಮಾರು 200 ಕಿಲೋಮೀಟರ್. ನಡುವೆ 17,582 ಅಡಿಯ ಖರ್ದುಂಗ್ ಲಾ.

ಆ ಡಿಸೆಂಬರ್‌ನಲ್ಲಿ ಊರಲ್ಲಿ ಇಲ್ಲದವರ ಪಾಡು ಇನ್ನೂ ಕಷ್ಟ. ಕೆಲವರು ದುಡಿಯಲು ಸ್ಕರ್ದುಗೆ ಹೋಗಿದ್ದರು, ಕೆಲವರು ಓದಲು ಹೋಗಿದ್ದರು. ಅವರು ಆ ಕಡೆಯೇ ಉಳಿದರು. ಹೆಂಡತಿ ಇಲ್ಲಿ, ಗಂಡ ಅಲ್ಲಿ. ಅಣ್ಣ ಇಲ್ಲಿ, ತಮ್ಮ ಅಲ್ಲಿ. ಖಪ್ಲು ಹೊಳೆಗುಂಟ ಅಷ್ಟೇನೂ ದೂರವಿಲ್ಲ. ಆದರೂ ಅಲ್ಲಿಯ ಒಬ್ಬ ತಮ್ಮ ತುರ್ತುಕ್‌ನ ಅಣ್ಣನನ್ನು ನೋಡಬೇಕೆಂದರೆ ವೀಸಾ ಹಿಡಿದು ಲಾಹೋರ್‌ಗೆ ಬಂದು, ವಾಘಾ ದಾಟಿ, ಅಮೃತಸರದಿಂದ ಮತ್ತೆ ಹಿಮಾಲಯ ಹತ್ತಬೇಕಿತ್ತು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ನಂತರ, ಆ ಬಾಗಿಲೂ ಮುಚ್ಚಿತು. ಹಜ್‌ಗೆ ಹೋದಾಗ ಮೆಕ್ಕಾದಲ್ಲಿ ಒಬ್ಬರನ್ನೊಬ್ಬರು ಕಂಡವರಿದ್ದಾರೆ. ನನಗೆ ಜಾಸ್ತಿ ಕಾಡುವ ಸಂಗತಿ ಇದು: 2005ರಲ್ಲಿ ಶ್ರೀನಗರ–ಮುಜಫ್ಫರಾಬಾದ್ ಬಸ್ ಬಿಟ್ಟರು, 2006ರಲ್ಲಿ ಪೂಂಚ್–ರಾವಲಕೋಟ್ ಬಿಟ್ಟರು. ಕಾರ್ಗಿಲ್–ಸ್ಕರ್ದು ದಾರಿ ತೆರೆಯಿರಿ ಅಂತ ಲಡಾಖ್‌ನವರು ಎಷ್ಟು ಕೇಳಿದರೂ ಅದು ಆಗಲಿಲ್ಲ. ಖಪ್ಲು ದಾರಿಯೂ ತೆರೆಯಲಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ, ಯಾವ ದೇಶ ಇಷ್ಟ ಅಂತ. ದಯವಿಟ್ಟು ಕೇಳಬೇಡಿ. ಈ ಪ್ರಶ್ನೆಗೆ ಅವರು ಬೇಕಾದಷ್ಟು ಬೆಲೆ ತೆತ್ತಿದ್ದಾರೆ. 1999ರ ಕಾರ್ಗಿಲ್ ಯುದ್ಧದ ವೇಳೆ ಅನುಮಾನದ ಮೇಲೆ ಊರಿನ ಕೆಲವರನ್ನು ಹಿಡಿದು ಒಯ್ದದ್ದುಂಟು. ಸೈನ್ಯಕ್ಕೇ ಆಮೇಲೆ ಬೇರೆ ದಾರಿ ಸರಿ ಅನ್ನಿಸಿತು. ಲೇಹ್‌ನಲ್ಲಿರುವ ಸೈನ್ಯದ 14ನೇ ಕೋರ್ ಎಂಬ ದೊಡ್ಡ ಪಡೆಯ ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಜನರಲ್ ಅರ್ಜುನ್ ರೇ ಲಡಾಖ್‌ನಲ್ಲಿ ಆಪರೇಷನ್ ಸದ್ಭಾವನಾ ಶುರು ಮಾಡಿದರು. ಶಾಲೆ, ಆಸ್ಪತ್ರೆ, ಹೊಲಿಗೆ ತರಬೇತಿ, ಹೀಗೆ. (ಇದೇ ರೇ ನಿವೃತ್ತರಾದ ಮೇಲೆ ಬೆಂಗಳೂರಿಗೆ ಬಂದು ಸರ್ಜಾಪುರದ ಕಡೆ ಶಾಲೆ ಕಟ್ಟಿದರು.) ತುರ್ತುಕ್‌ನ ಗಂಡಸರು ಇವತ್ತು ಸೈನ್ಯಕ್ಕೆ ಹೊರೆ ಹೊರುತ್ತಾರೆ, ಸೈನ್ಯದಲ್ಲೂ ಇದ್ದಾರೆ. ನಮ್ಮ ಊರಿಗೆ ಬಂದ ಯಾರೋ ಟೀ ಕುಡಿಯುತ್ತಾ “ನಿಮಗೆ ಭಾರತ ಇಷ್ಟವಾ?” ಅಂದರೆ ನಮಗೆ ಹೇಗಾಗುತ್ತೆ, ಹೇಳಿ?

ಕೇಳಲು ಬೇರೆ ವಿಷಯ ಬೇಕಾದಷ್ಟಿವೆ. ನಂಗ್‌ಚುಂಗ್ ತೋರಿಸಿ ಅನ್ನಿ. ಬಂಡೆಗಳ ಸಂದಿಯಲ್ಲಿ ಕಟ್ಟಿದ ಗಿಡ್ಡ ಕಲ್ಲಿನ ಕೋಣೆ ಅದು. ಬಾಗಿಲು ಎಷ್ಟು ಚಿಕ್ಕದೆಂದರೆ ಬಗ್ಗಿಯೇ ನುಗ್ಗಬೇಕು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಕಲ್ಲುಗಳ ಅಡಿಯಿಂದ ತಣ್ಣನೆ ಗಾಳಿ ಕಾಲಿಗೆ ತಾಕುತ್ತದೆ. ಬೆಣ್ಣೆ, ಮಾಂಸ ಅಲ್ಲಿಡುತ್ತಾರೆ, ಕರೆಂಟಿನ ಹಂಗಿಲ್ಲ. ಮತ್ತೆ ಹೊಲಗಳ ಬಗ್ಗೆ ಕೇಳಿ. ತುರ್ತುಕ್ ಸುಮಾರು 9,800 ಅಡಿಯಲ್ಲಿದೆ. ಲೇಹ್‌ಗಿಂತ ತಗ್ಗು, ಹಾಗಾಗಿ ಸ್ವಲ್ಪ ಬೆಚ್ಚಗೆ. ಲಡಾಖ್‌ನ ಬಹುತೇಕ ಕಡೆ ವರ್ಷಕ್ಕೆ ಒಂದೇ ಬೆಳೆ. ಇಲ್ಲಿ ಬಾರ್ಲಿ ಕೊಯ್ದ ಹೊಲದಲ್ಲೇ ಬಕ್‌ವೀಟ್ ಅನ್ನುವ ಇನ್ನೊಂದು ಕಾಳು ಬಿತ್ತುತ್ತಾರೆ. ಆ ಹಿಟ್ಟಿನ ಕಿಸಿರ್ ಅನ್ನುವ ದೋಸೆ ಸಿಕ್ಕರೆ ಬಿಡಬೇಡಿ, ದಾವಣಗೆರೆಯ ನಾಲಿಗೆಗೆ ಬೆಣ್ಣೆ ಕಡಿಮೆ ಅನ್ನಿಸಬಹುದು.

ಊರು ಹೊರಗಿನವರಿಗೆ ತೆರೆದದ್ದು 2010ರಲ್ಲಿ. ಹೋಂಸ್ಟೇ ಇವೆ, ಒಂದು ರಾತ್ರಿಯಾದರೂ ಉಳಿಯಿರಿ. ಸುಮ್ನೆ ಫೋಟೋಗೆ ಬಂದು ಹೋಗುವವರಿಂದ ಊರಿಗೆ ಉಳಿಯುವುದು ಪ್ಲಾಸ್ಟಿಕ್ ಬಾಟಲಿ ಮಾತ್ರ. ಹೆಂಗಸರ ಫೋಟೋ ಕೇಳದೆ ತೆಗೆಯಬೇಡಿ. ವಯಸ್ಸಾದವರಿದ್ದರೆ ಲೇಹ್‌ನಲ್ಲಿ ಎರಡು ದಿನ ಸುಧಾರಿಸಿಕೊಂಡೇ ಖರ್ದುಂಗ್ ಲಾ ಹತ್ತಿ. ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು.

ಏಪ್ರಿಕಾಟ್ ವಿಷಯ. ಮರ ಹೂ ಬಿಡುವುದು ಏಪ್ರಿಲ್‌ನಲ್ಲಿ, ಹಣ್ಣಾಗುವುದು ಜುಲೈ ಹೊತ್ತಿಗೆ. ನಿಮ್ಮ ಮೇ ತಿಂಗಳಿಗೆ ಎರಡೂ ಇಲ್ಲ. ಒಣಗಿಸಿದ್ದು ಸಿಗುತ್ತದೆ, ಬೀಜದ ಎಣ್ಣೆಯೂ ಸಿಗುತ್ತದೆ. ಮಕ್ಕಳ ಶಾಲೆ ಒಪ್ಪಿದರೆ ಪ್ರಯಾಣ ಎರಡು ತಿಂಗಳು ಮುಂದೆ ಹಾಕಿ.